ಯಾವ ಹೊಳೆಯ ಮೀನು, ಯಾವ ಹೊಳೆಗೆ?

ಕೆರೆ ತುಂಬಿದ ಸುದ್ದಿಯ ಬೆನ್ನಿಗೇ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸುದ್ದಿ ಬರುತ್ತದೆ: ಇಷ್ಟು ಲಕ್ಷ ಮೀನುಮರಿ ಬಿತ್ತನೆ. ಬಾಗಿನ ಬಿಟ್ಟ ಮೇಲೆ ಮೀನುಮರಿ ಬಿಡುವುದು ಈಗ ಹೆಚ್ಚುಕಡಿಮೆ ಶಾಸ್ತ್ರವೇ ಆಗಿಬಿಟ್ಟಿದೆ. ಶಾಸಕರೋ ಪಂಚಾಯಿತಿ ಅಧ್ಯಕ್ಷರೋ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚುತ್ತಾರೆ. ಬೆರಳುದ್ದದ ಮರಿಗಳು ನೀರಿಗೆ ಜಾರುತ್ತವೆ. ಫೋಟೊ ಆಗುತ್ತದೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಮರಿಗಳಲ್ಲಿ ಎಷ್ಟು ಉಳಿದವು, ಉಳಿದವು ಎಲ್ಲಿಗೆ ಹೋದವು, ಆ ನೀರಿನಲ್ಲಿ ಮೊದಲೇ ಇದ್ದ ಮೀನುಗಳ ಗತಿ ಏನಾಯಿತು ಎಂದು ಯಾರೂ ಮರುವರ್ಷ ಹೋಗಿ ಕೇಳುವುದಿಲ್ಲ.

ಜವನಗೊಂಡನಹಳ್ಳಿ ಹೋಬಳಿಯವರಿಗೆ ಈ ಪ್ರಶ್ನೆ ದೂರದ್ದಲ್ಲ. ಕರಿಯಾಲದ ಬಳಿ ಸುವರ್ಣಮುಖಿಗೆ ಕಟ್ಟಿದ ಗಾಯತ್ರಿ ಜಲಾಶಯ ಇದೇ ಹೋಬಳಿಯಲ್ಲಿದೆ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಇದೇ ಹಿರಿಯೂರು ತಾಲ್ಲೂಕಿನಲ್ಲಿದೆ. ಎರಡರಲ್ಲೂ ಮೀನು ಹಿಡಿದು ಬದುಕುವ ಕುಟುಂಬಗಳಿವೆ. ಎರಡೂ ನೀರು ಕೊನೆಗೆ ಸೇರುವುದು ಒಂದೇ ಹೊಳೆಗೆ. ಹಾಗಾಗಿ ಮರಿ ಬಿಡುವ ಕೆಲಸದಲ್ಲಿ ಎರಡು ಬಗೆಯಿದೆ ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಚೀಲ ಬಿಚ್ಚುವ ಗಳಿಗೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಕೆರೆಗೆ ಬಿಡುವುದು ಬೇಸಾಯ. ಹೊಳೆಗೆ ಬಿಡುವುದು ಹಾಗಲ್ಲ. ಅಲ್ಲಿ ಬಿಟ್ಟದ್ದನ್ನು ಹಿಂದಕ್ಕೆ ಪಡೆಯುವ ದಾರಿಯೇ ಇಲ್ಲ.

ಮೊದಲು ಮರಿ ಹುಟ್ಟುವ ಬಗೆ ನೋಡೋಣ. ನಮ್ಮ ಕೆರೆಗಳಿಗೆ ಬೀಳುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಮೀನುಗಳು. ಮಳೆಗಾಲದ ಹೊಸ ಪ್ರವಾಹ ಏರಿದಾಗ ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುವುದು ಅವುಗಳ ಸ್ವಭಾವ. ಕೆರೆಯ ನಿಂತ ನೀರಿನಲ್ಲಿ ಎಷ್ಟೇ ಬಲಿತರೂ ಇಡವು. ಹಾಗಾಗಿ ಒಂದು ಕಾಲದಲ್ಲಿ ಬಂಗಾಳ, ಬಿಹಾರದ ಕಡೆಯ ಹೊಳೆಗಳಲ್ಲಿ ಸಣ್ಣ ಕಣ್ಣಿನ ಬಲೆ ಒಡ್ಡಿ ಮರಿ ಸೋಸಿ ತಂದೇ ದೇಶದ ಬೇರೆ ಕಡೆ ಸಾಕಬೇಕಿತ್ತು. ಸೋಸಿದ್ದರಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ.ಎಚ್. ಅಲಿಕುಂಞಿ ಈ ಕಟ್ಟನ್ನು ಮುರಿದರು. ಒಂದು ಮೀನಿನ ತಲೆಯಿಂದ ತೆಗೆದ ಪಿಟ್ಯುಟರಿ ಗ್ರಂಥಿಯ ರಸವನ್ನು ಬಲಿತ ತಾಯಿಮೀನಿಗೆ ಚುಚ್ಚಿದರೆ, ಹೊಳೆ ಏರದಿದ್ದರೂ ಅದು ಮೊಟ್ಟೆ ಇಡುತ್ತದೆ ಎಂದು ತೋರಿಸಿದರು. ಅದರ ನೆನಪಿಗಾಗಿಯೇ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ.

ಈಗ ಗ್ರಂಥಿಯ ಬದಲು ತಯಾರಾದ ಚುಚ್ಚುಮದ್ದು ಸಿಗುತ್ತದೆ. ಸಂಜೆ ಚುಚ್ಚಿದ ಜೋಡಿಯನ್ನು ಗುಂಡು ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯಲ್ಲಿ ನೀರು ಸುತ್ತುತ್ತಲೇ ಇರುತ್ತದೆ. ಮೀನಿಗೆ ಅದೇ ಪ್ರವಾಹ. ಬೆಳಗಿನ ಜಾವದೊಳಗೆ ಮೊಟ್ಟೆ ಬೀಳುತ್ತದೆ. ಒಂದು ಕಿಲೋ ತೂಗುವ ತಾಯಿಗೆ ಸುಮಾರು ಒಂದು ಲಕ್ಷ ಮೊಟ್ಟೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ನೀರು ಬೆಚ್ಚಗಿದ್ದರೆ ಹದಿನೈದು ಹದಿನೆಂಟು ಗಂಟೆಯಲ್ಲಿ ಮೊಟ್ಟೆ ಒಡೆಯುತ್ತದೆ. ಮೊದಲ ಮೂರು ದಿನ ಮರಿ ಹೊಟ್ಟೆಗಂಟಿದ ಹಳದಿ ಚೀಲವನ್ನೇ ಉಂಡು ಬದುಕುತ್ತದೆ. ಆಗ ಅದರ ಹೆಸರು ಸ್ಪಾನ್, ಉದ್ದ ಅರ್ಧ ಸೆಂಟಿಮೀಟರಿಗೆ ತುಸು ಹೆಚ್ಚು. ಎರಡು ಮೂರು ವಾರ ಸಾಕಿದರೆ ಫ್ರೈ, ಇನ್ನೆರಡು ತಿಂಗಳಿಗೆ ಬೆರಳುದ್ದದ ಫಿಂಗರ್‌ಲಿಂಗ್. ಇದನ್ನೇ ಇಲಾಖೆ ಬಲಿತ ಬಿತ್ತನೆ ಮರಿ ಎನ್ನುವುದು. ಪ್ರತಿ ಹಂತದಲ್ಲೂ ಅರ್ಧವೋ ಮುಕ್ಕಾಲೋ ಸಾಯುತ್ತವೆ. ಆದ್ದರಿಂದ ಲಕ್ಷ ಸ್ಪಾನ್ ಬಿಟ್ಟೆವು ಎನ್ನುವುದಕ್ಕೂ ಲಕ್ಷ ಬಲಿತ ಮರಿ ಬಿಟ್ಟೆವು ಎನ್ನುವುದಕ್ಕೂ ಅಜಗಜಾಂತರ. ಕೊರವ, ಬಾಳೆಮೀನು ಇರುವ ಜಲಾಶಯಕ್ಕೆ ಸಣ್ಣ ಮರಿ ಸುರಿದರೆ ಅವುಗಳಿಗೆ ಔತಣ ಬಡಿಸಿದ ಹಾಗೆ. ಸುದ್ದಿಯಲ್ಲಿ ಸಂಖ್ಯೆ ಇರುತ್ತದೆ, ಮರಿಯ ಅಳತೆ ಇರುವುದಿಲ್ಲ.

ಕೆರೆಯ ಮಟ್ಟಿಗೆ ಈ ಇಡೀ ವ್ಯವಸ್ಥೆ ಒಳ್ಳೆಯದೇ. ಮುಂಗಾರಿನಲ್ಲಿ ಶೇಂಗಾ ಬಿತ್ತಿ ಕಾರ್ತಿಕದ ಹೊತ್ತಿಗೆ ಕಿತ್ತ ಹಾಗೆ, ಕೆರೆ ತುಂಬಿದಾಗ ಬಿಟ್ಟ ಮರಿಯನ್ನು ನೀರು ಇಳಿದಾಗ ಹಿಡಿಯುತ್ತಾರೆ. ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕು ಪಡೆದವರು ಅಥವಾ ಮೀನುಗಾರರ ಸಹಕಾರ ಸಂಘದವರು ಹಾಕಿದ ದುಡ್ಡಿಗೆ ಲೆಕ್ಕ ಹಾಕುತ್ತಾರೆ. ಹಿಡಿದು ಮುಗಿದ ಮೇಲೆ ಕೆರೆಯಲ್ಲಿ ಕಾಟ್ಲಾದ ಸಂತತಿ ಉಳಿಯುವುದಿಲ್ಲ. ಮುಂದಿನ ಬೆಳೆಗೆ ಮತ್ತೆ ಮರಿ ತರಬೇಕು. ಹಿರಿಯೂರಿನಂಥ ಬರದ ಸೀಮೆಯಲ್ಲಿ ಕೆರೆಗಳು ಪದೇ ಪದೇ ಒಣಗುವುದು ಮೀನುಗಾರನಿಗೆ ನಷ್ಟ, ಆದರೆ ತಪ್ಪು ಜಾತಿ ಬಿಟ್ಟಿದ್ದರೆ ಅದನ್ನು ಅಳಿಸಿಹಾಕುವುದೂ ಆ ಬರವೇ.

ಹೊಳೆಯಲ್ಲಿ ಈ ಸೌಕರ್ಯವಿಲ್ಲ. ಅದು ಹೇಗೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಅದು ಊಟದ ಮೀನಿನ ಕಥೆಯಲ್ಲ, ಆಟದ ಮೀನಿನದು: ಗಾಳ ಹಾಕಿ ಹಿಡಿದು, ತೂಗಿ, ಫೋಟೊ ತೆಗೆದು ಮತ್ತೆ ನೀರಿಗೆ ಬಿಡುವ ಕಾವೇರಿಯ ಮಹಶೀರ್.

ಮಹಶೀರ್ ಎಂದರೆ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರ ಕೈಯ ಮಂಡಕ್ಕಿ ತಿನ್ನುವ ದೇವರ ಮೀನುಗಳ ಬಳಗ. ಮೈತುಂಬ ಅಗಲವಾದ ಹುರುಪೆ, ದಪ್ಪ ತುಟಿ, ಬಂಡೆಗಳ ನಡುವಿನ ಸೆಳೆತದಲ್ಲೂ ಎದುರೀಜುವ ಬಲ. ಗಾಳಕ್ಕೆ ಸಿಕ್ಕರೆ ಸುಲಭಕ್ಕೆ ಸೋಲದು. ಬ್ರಿಟಿಷ್ ಅಧಿಕಾರಿಗಳಿಗೆ ಅದರ ಹುಚ್ಚು ಹಿಡಿದದ್ದು ಅದಕ್ಕೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಗಾಳದ ಮೀನುಗಾರಿಕೆಯ ಮೇಲೆ ಬರೆದ 'ದಿ ರಾಡ್ ಇನ್ ಇಂಡಿಯಾ' ಅಚ್ಚಾದದ್ದು ಮಂಗಳೂರಿನಲ್ಲಿ. ಮೈಸೂರಿನಲ್ಲಿ ಹುಲಿ ಚಿರತೆಗಳ ತೊಗಲು ಹದಮಾಡಿ ತುಂಬುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕಿಲೋ, ಅಂದರೆ ಒಬ್ಬ ಆಳಿನ ತೂಕ. ಗಾಳದ ದಾಖಲೆಗಳಲ್ಲಿ ಅದು ಇಂದಿಗೂ ಮೇಲಿನ ಸಾಲಿನಲ್ಲಿದೆ. ಅಷ್ಟು ಬೆಳೆಯುತ್ತಿದ್ದದ್ದು ಕಾವೇರಿ ಮತ್ತು ಅದರ ಉಪನದಿಗಳ ಒಂದು ವಿಶೇಷ ಬಗೆ. ಬೆನ್ನ ಮೇಲೆ ಡುಬ್ಬ, ಕಿತ್ತಳೆ ಬಣ್ಣದ ಈಜುರೆಕ್ಕೆ.

ಸ್ವಾತಂತ್ರ್ಯ ಬಂದ ಮೇಲೆ ಈ ಮೀನನ್ನು ಹೊರಗಿನವರು ಮರೆತೇಬಿಟ್ಟಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ಮತ್ತೆ ಭಾರೀ ಮಹಶೀರ್ ಹಿಡಿದು ತೋರಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ತಿರುಗಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿತು. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಪಡೆದು ಕಾವಲಿಟ್ಟಿತು. ಗಾಳಕ್ಕೆ ಕಟ್ಟುತ್ತಿದ್ದದ್ದು ನಮ್ಮ ರಾಗಿಯೇ. ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆಗೆ ಮಹಶೀರ್ ಬಾಯಿ ಹಾಕುತ್ತದೆ ಎಂದು ಹೊಳೆದಂಡೆಯ ಜನರಿಗೆ ಗೊತ್ತಿತ್ತು, ಅವರಿಂದ ಪರದೇಶದವರು ಕಲಿತರು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಹರಿಗೋಲು ನಡೆಸುವ, ದಾರಿ ತೋರಿಸುವ, ಕಾವಲು ಕಾಯುವ ಕೆಲಸಕ್ಕೆ ಬಂದರು. ಸತ್ತ ಮೀನಿಗಿಂತ ಬದುಕಿದ ಮೀನು ಊರಿಗೆ ಹೆಚ್ಚು ದುಡ್ಡು ತರುತ್ತದೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

ಹೊಳೆಯಲ್ಲಿ ಮೀನು ಕಡಿಮೆಯಾಗುತ್ತಿದೆ ಎಂಬ ಆತಂಕ ಆಗಲೇ ಇತ್ತು. ಪರಿಹಾರ ಸಿದ್ಧವಿದ್ದಂತೆ ಕಂಡಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ತನ್ನ ಜಲಾಶಯಗಳ ಪಕ್ಕ 1970ರ ದಶಕದಿಂದಲೇ ಮಹಶೀರ್ ಮರಿ ಮಾಡುತ್ತಿತ್ತು. ಸುಲಭದ ಕೆಲಸವಲ್ಲ ಅದು. ಕಾಟ್ಲಾಕ್ಕೆ ಹೋಲಿಸಿದರೆ ಮಹಶೀರ್ ಇಡುವ ಮೊಟ್ಟೆ ತೀರಾ ಕಡಿಮೆ. ಮೊಟ್ಟೆ ದಪ್ಪ, ಒಡೆಯಲು ಮೂರು ನಾಲ್ಕು ದಿನ ಬೇಕು, ನೀರು ತಂಪಾಗಿ ತಿಳಿಯಾಗಿ ಹರಿಯುತ್ತಲೇ ಇರಬೇಕು. ಅಷ್ಟು ಕಷ್ಟಪಟ್ಟು ಬೆಳೆಸಿದ ಮರಿಗಳನ್ನು ದೇಶದ ಹಲವು ರಾಜ್ಯಗಳಿಗೆ ಕೊಟ್ಟರು, ಕಾವೇರಿಗೂ ಬಂದವು. ಮುಂದೆ ಕೊಡಗಿನ ಹಾರಂಗಿಯಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯೇ ಮಹಶೀರ್ ಮರಿ ಉತ್ಪಾದನೆಗಿಳಿಯಿತು. ಎಲ್ಲರ ಉದ್ದೇಶವೂ ಒಳ್ಳೆಯದೇ: ಅಳಿಯುತ್ತಿರುವ ಮೀನನ್ನು ಉಳಿಸುವುದು.

ತೊಡಕು ಇದ್ದದ್ದು ಒಂದೇ ಕಡೆ. ಲೋಣಾವಳದ ತೊಟ್ಟಿಯಲ್ಲಿ ಹುಟ್ಟುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್, ಶಾಸ್ತ್ರೀಯ ಹೆಸರು ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಬಳಿಯ ಮುಳಾ ಮುಠಾ ಹೊಳೆಯ ಮೀನು ನೋಡಿ. ಆ ಹೊಳೆ ಭೀಮೆಯ ಮೂಲಕ ಕೃಷ್ಣೆಗೆ ಸೇರುತ್ತದೆ. ಅಂದರೆ ಕೃಷ್ಣಾ ಕೊಳ್ಳದ ಮೀನನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಎರಡೂ ಮಹಶೀರ್, ಎರಡೂ ದಕ್ಷಿಣದವು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಕಾವೇರಿಯ ಡುಬ್ಬದ ಮಹಶೀರ್ ಯಾವ ಪ್ರಭೇದ ಎಂಬುದು ಆಗಿನ್ನೂ ವಿಜ್ಞಾನಕ್ಕೇ ಸ್ಪಷ್ಟವಿರಲಿಲ್ಲ.

ಹೊಸ ಮೀನು ಹೊಳೆಗೆ ಚೆನ್ನಾಗಿ ಹೊಂದಿಕೊಂಡಿತು. ಶಿಬಿರಕ್ಕೆ ಬಂದವರಿಗೆ ಮೊದಲಿಗಿಂತ ಹೆಚ್ಚು ಮಹಶೀರ್ ಸಿಗತೊಡಗಿದವು. ಅತಿಥಿಗಳಿಗೆ ಖುಷಿ, ನಡೆಸುವವರಿಗೆ ನೆಮ್ಮದಿ. ಮಹಶೀರ್ ಸಂಖ್ಯೆ ಏರುತ್ತಿದೆ ಎಂಬುದು ಸುಳ್ಳಾಗಿರಲಿಲ್ಲ. ಆದರೆ ಏರುತ್ತಿದ್ದದ್ದು ಯಾವ ಮಹಶೀರ್ ಎಂದು ಬಿಡಿಸಿ ನೋಡುವವರೆಗೆ ಅದರೊಳಗಿನ ಇಳಿಕೆ ಕಾಣಲಿಲ್ಲ. ಗಾಲಿಬೋರೆ ಶಿಬಿರದವರು ಹಿಡಿದ ಪ್ರತಿ ಮೀನಿನ ತೂಕ ಮತ್ತು ಹಿಡಿಯಲು ಕಳೆದ ಸಮಯವನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಇಟ್ಟುಕೊಂಡಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಗಾರರು ಕೂತು ಓದಿದರು. ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ ಅದು. 2015ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಹೀಗಿತ್ತು: ನೀಲಿ ರೆಕ್ಕೆಯ ಮಹಶೀರ್ ವರ್ಷದಿಂದ ವರ್ಷಕ್ಕೆ ಹೆಚ್ಚಿದೆ, ಡುಬ್ಬದ ಮಹಶೀರ್ ಕುಸಿದಿದೆ. ಕೊನೆಯ ವರ್ಷಗಳಲ್ಲಿ ಗಾಳಕ್ಕೆ ಸಿಕ್ಕ ಡುಬ್ಬದ ಮಹಶೀರ್‌ಗಳು ಕೆಲವೇ ಕೆಲವು, ಅವೂ ವಯಸ್ಸಾದ ದೊಡ್ಡ ಮೀನುಗಳು. ಎಳೆಯವು ಕಾಣುತ್ತಿರಲಿಲ್ಲ. ಮಕ್ಕಳಿಲ್ಲದೆ ಮುದುಕರೇ ಉಳಿದ ಸಂಸಾರ ಎಷ್ಟು ಕಾಲ ನಡೆದೀತು?

ಎಲ್ಲ ತಪ್ಪನ್ನೂ ಹೊರಗಿನ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಣೆಕಟ್ಟುಗಳು, ಮರಳು ಬಗೆಯುವುದು, ಸಿಡಿಮದ್ದು, ವಿಷ, ಬೇಸಿಗೆಯಲ್ಲಿ ತೊಟ್ಟಿಕ್ಕುವ ನೀರು ಎಲ್ಲವೂ ಸೇರಿ ಹೊಳೆಯನ್ನು ಕೆಡಿಸಿವೆ. ಆದರೆ ಕೆಟ್ಟ ಹೊಳೆಯಲ್ಲಿ ಕಂಗಾಲಾಗಿದ್ದ ಮೀನಿನ ಪಕ್ಕಕ್ಕೆ, ಅದೇ ಆಹಾರ ತಿನ್ನುವ, ಅದೇ ಮಡುವಿನಲ್ಲಿ ನಿಲ್ಲುವ, ಸಂಖ್ಯೆಯಲ್ಲಿ ನೂರ್ಮಡಿ ಹೆಚ್ಚಿನ ದಾಯಾದಿಯನ್ನು ನಾವೇ ತಂದು ಬಿಟ್ಟೆವು. ಅದೂ ಸಂರಕ್ಷಣೆಯ ಹೆಸರಿನಲ್ಲಿ.

ಡುಬ್ಬದ ಮಹಶೀರಿನ ಗುರುತು ಖಚಿತವಾದದ್ದು 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಎಳೆ ಮೀನುಗಳನ್ನು ನೋಡಿ ಇಬ್ಬರು ವಿಜ್ಞಾನಿಗಳು, ಪ್ರಾಣಿಶಾಸ್ತ್ರಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ, ಟಾರ್ ರೆಮಾದೇವಿಯೈ ಎಂಬ ಹೆಸರಿಟ್ಟಿದ್ದರು. ಪಾಂಬಾರ್ ಕೂಡ ಕಾವೇರಿ ಕೊಳ್ಳದ್ದೇ. ಕಾವೇರಿಯ ದೈತ್ಯ ಮೀನೂ ಪಾಂಬಾರಿನ ಮೀನೂ ಒಂದೇ ಪ್ರಭೇದ ಎಂದು ಅನುವಂಶಿಕ ಪರೀಕ್ಷೆ ತೋರಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅತಿ ಸಮೀಪದ ಪಟ್ಟಿಗೆ ಸೇರಿಸಿತು. ಜಗತ್ತಿನ ಗಾಳಗಾರರೆಲ್ಲ ನೂರು ವರ್ಷ ಹಾಡಿ ಹೊಗಳಿದ ಮೀನಿಗೆ ಹೆಸರು ದಕ್ಕಿದ್ದೂ ಅದು ಅಳಿವಿನ ಅಂಚಿಗೆ ಬಂತು ಎಂದು ಸಾರಿದ್ದೂ ಒಂದೇ ವರ್ಷದಲ್ಲಿ. ಈಗ ತಮಿಳುನಾಡಿನ ಮೋಯಾರ್ ಸೇರಿದಂತೆ ಕಾವೇರಿ ಕೊಳ್ಳದ ಕೆಲವೇ ಹೊಳೆಗಳಲ್ಲಿ ಅದು ಉಳಿದುಕೊಂಡಿದೆ.

ಇಷ್ಟರ ನಡುವೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದು ಸಲ್ಲದೆಂದು 2010ರ ದಶಕದ ಆರಂಭದಲ್ಲಿ ಶಿಬಿರಗಳ ಆಟ ನಿಂತಿತು. ಅದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಇದೆ. ಒಂದು ಪರಿಣಾಮ ಮಾತ್ರ ನಿಚ್ಚಳ. ಗಾಳ ಹೋದದ್ದರ ಜೊತೆಗೆ ದಿನದಿನದ ದಾಖಲೆಯೂ ಹೋಯಿತು.

ಕಾವೇರಿಯಲ್ಲಿ ನಡೆದದ್ದು ನಮ್ಮ ಒಬ್ಬರ ಎಡವಟ್ಟಲ್ಲ. ಸಮುದ್ರದ ಮೀನನ್ನು ಹ್ಯಾಚರಿಯಲ್ಲಿ ಹುಟ್ಟಿಸಿ ಬಿಡುವ ಕೆಲಸ ಪಶ್ಚಿಮದಲ್ಲಿ ಶುರುವಾಗಿ ನೂರನಲವತ್ತು ವರ್ಷ ಆಗಿದೆ. ನಾರ್ವೆಯ ಫ್ಲೋಡೆವಿಗನ್ ಎಂಬಲ್ಲಿ ಡ್ಯಾನೆವಿಗ್ ಎಂಬ ಹಡಗಿನ ಕಪ್ತಾನ 1880ರ ದಶಕದಲ್ಲಿ ಕಾಡ್ ಮೀನಿನ ಹ್ಯಾಚರಿ ಕಟ್ಟಿ, ಆಗಷ್ಟೇ ಒಡೆದ ಮರಿಗಳನ್ನು ಕೋಟಿ ಲೆಕ್ಕದಲ್ಲಿ ಕಡಲಿಗೆ ಬಿಡತೊಡಗಿದ. ಇದರಿಂದ ನಿಜಕ್ಕೂ ಮೀನು ಹೆಚ್ಚಿತೇ ಎಂದು ಯೋಹಾನ್ ಯೋರ್ಟ್ ಎಂಬ ವಿಜ್ಞಾನಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕೇಳಿದ. ಜಗಳ ದೊಡ್ಡದಾಯಿತು, ಉತ್ತರ ಸಿಗಲಿಲ್ಲ, ಮರಿ ಬಿಡುವುದು ಮಾತ್ರ ನಡೆದೇ ಇತ್ತು. ಕೊನೆಗೆ 1971ರಲ್ಲಿ ನಿಲ್ಲಿಸಿದರು. ಸುಮಾರು ತೊಂಬತ್ತು ವರ್ಷದ ದುಡಿಮೆಯಿಂದ ಒಂದು ಬುಟ್ಟಿ ಮೀನು ಹೆಚ್ಚಿತು ಎಂದು ಸಾಧಿಸಿ ತೋರಿಸಲಾಗಲಿಲ್ಲ. ಬಿಟ್ಟ ಮರಿಗೆ ಗುರುತಿಲ್ಲ, ಗುರುತಿಲ್ಲದ ಮೇಲೆ ಲೆಕ್ಕವಿಲ್ಲ.

ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಗಾಳಗಾರರ ಪ್ರೀತಿಯ ರೆಡ್ ಡ್ರಮ್ ಮೀನು 1970ರ ದಶಕದಲ್ಲಿ ಕುಸಿಯಿತು. ಅಲ್ಲಿನವರು 1981ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದರು, 1983ರಿಂದ ಹ್ಯಾಚರಿ ಮರಿ ಬಿಡತೊಡಗಿದರು, 1988ರಲ್ಲಿ ಗಿಲ್ ಬಲೆಯನ್ನೂ ಬಂದ್ ಮಾಡಿದರು. ಮೀನು ಚೇತರಿಸಿಕೊಂಡಿತು. ಆದರೆ ಶ್ರೇಯಸ್ಸು ಹ್ಯಾಚರಿಗೋ ಬಲೆ ನಿಂತದ್ದಕ್ಕೋ ಎಂಬ ಚರ್ಚೆ ಮುಗಿದಿಲ್ಲ. ಹಿಡಿಯುವುದನ್ನು ತಡೆಯದೆ ಬರೀ ಮರಿ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಇಂಥ ಅನುಭವಗಳನ್ನೆಲ್ಲ ಸೋಸಿ 1995ರಲ್ಲಿ ಬ್ಲಾಂಕೆನ್‌ಶಿಪ್ ಮತ್ತು ಲೆಬರ್ ಎಂಬ ಇಬ್ಬರು ವಿಜ್ಞಾನಿಗಳು ಮರಿ ಬಿಡುವವರಿಗೆ ಹತ್ತು ಸೂತ್ರ ಬರೆದರು. ಅವುಗಳ ತಿರುಳನ್ನು ಹಳ್ಳಿಯ ಭಾಷೆಯಲ್ಲಿ ಹೇಳಬಹುದು. ಯಾತಕ್ಕೆ ಬಿಡುತ್ತಿದ್ದೇವೆ ಎಂದು ಮೊದಲೇ ನಿರ್ಧರಿಸು. ಆ ನೀರಿನ ತಾಯಿಮೀನಿನಿಂದಲೇ ಮರಿ ಮಾಡು, ನಾಲ್ಕೇ ತಾಯಿಯಿಂದ ನಾಲ್ಕು ಲಕ್ಷ ಮಾಡಬೇಡ. ರೋಗವಿದ್ದ ಮರಿ ಬಿಡಬೇಡ. ಯಾವ ಅಳತೆಯ ಮರಿ, ಯಾವ ಜಾಗದಲ್ಲಿ, ಯಾವ ಋತುವಿನಲ್ಲಿ ಉಳಿಯುತ್ತದೆ ಎಂದು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸು. ಬಿಟ್ಟ ಮರಿಗೆ ಗುರುತು ಹಾಕು, ಮುಂದೆ ಹಿಡಿದ ಮೀನಿನಲ್ಲಿ ಆ ಗುರುತು ಹುಡುಕು. ಫಲ ಕಾಣದಿದ್ದರೆ ನಿಲ್ಲಿಸು.

ತಾಯಿಮೀನಿನ ಮಾತು ಇಲ್ಲಿ ಮುಖ್ಯ. ಒಂದು ಜೋಡಿಯಿಂದ ಲಕ್ಷ ಮರಿ ಬರುತ್ತದೆ ಎಂಬುದು ಹ್ಯಾಚರಿಯ ಬಲ, ಅದರ ಅಪಾಯವೂ ಅದೇ. ಲಕ್ಷ ಮರಿಯೂ ಒಡಹುಟ್ಟಿದವು. ಅವೇ ಹೊಳೆ ತುಂಬಿದರೆ ಮುಂದಿನ ತಲೆಮಾರಿನಲ್ಲಿ ಅಣ್ಣತಂಗಿಯರ ನಡುವೆಯೇ ಕೂಡಿಕೆ. ಬರ, ರೋಗ, ಬಿಸಿನೀರು ಬಂದಾಗ ಒಂದಕ್ಕೆ ತಡೆಯಲಾಗದ್ದು ಎಲ್ಲದಕ್ಕೂ ತಡೆಯಲಾಗದು. ತೊಟ್ಟಿಯಲ್ಲಿ ಹೊತ್ತುಹೊತ್ತಿಗೆ ತೌಡು ಹಿಂಡಿ ತಿಂದು ಬೆಳೆದ ಮರಿಗೆ ಶತ್ರುವನ್ನು ಕಂಡರೆ ಓಡಬೇಕೆಂಬ ಬುದ್ಧಿಯೂ ಕಡಿಮೆ.

ನಮ್ಮ ಕರಾವಳಿಯ ಪಂಜರ ಸಾಕಣೆಯಲ್ಲಿ ಈ ಗೊಂದಲವಿಲ್ಲ. ಕಾರವಾರದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸೀಬಾಸ್, ಕೋಬಿಯಾ ಮೀನುಗಳನ್ನು ಕಡಲಲ್ಲಿ ತೇಲುವ ಪಂಜರದೊಳಗೆ ಸಾಕುವುದನ್ನು ಕಲಿಸಿದ್ದಾರೆ. ಪಂಜರದ್ದು ಸಾಕಣೆ, ಒಡೆಯ ಯಾರೆಂದು ಗೊತ್ತು. ಬಯಲಿಗೆ ಬಿಟ್ಟ ಮರಿಗೆ ಒಡೆಯನಿಲ್ಲ.

ಈಗ ನಮ್ಮ ಊರಿಗೆ ಬರೋಣ. ಮಾರಿಕಣಿವೆಯ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಅಷ್ಟು ದೀರ್ಘ ಕಾಲ ಅದರಲ್ಲಿ ಬಿಟ್ಟ ಮೀನಿಗೆ ನಾಲೆಗಳ ಹೊರತು ಬೇರೆ ದಾರಿ ಇರಲಿಲ್ಲ. ಹೆಸರಿಗೆ ಹೊಳೆಯ ಜಲಾಶಯ, ಮೀನಿನ ಲೆಕ್ಕದಲ್ಲಿ ಒಂದು ದೊಡ್ಡ ಕೆರೆ. ಕಾಟ್ಲಾ ಬಿಟ್ಟರೂ ಅದು ಕೆರೆಯ ಬೇಸಾಯದಂತೆಯೇ ನಡೆಯಿತು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಕಡೆಯಿಂದ ವೇದಾವತಿಗೆ ಇಳಿದು ಬರುತ್ತಿದೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. 130 ಅಡಿಯ ಮಟ್ಟ ದಾಟಿದ ನೀರು ಹಿರಿಯೂರು ಪಟ್ಟಣದ ಪಕ್ಕದಲ್ಲೇ ಹರಿದು, ಕೂಡಲಹಳ್ಳಿಯಲ್ಲಿ ಗಾಯತ್ರಿ ಜಲಾಶಯದ ಕಡೆಯಿಂದ ಬರುವ ಸುವರ್ಣಮುಖಿಯನ್ನು ಕೂಡಿಕೊಂಡು, ಮುಂದೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತದೆ. ಕೋಡಿಯ ಜೊತೆ ಮೀನೂ ಹೋಗುತ್ತದೆ. ಕೋಡಿಯ ಕೆಳಗೆ ಬಲೆ ಒಡ್ಡಿ ನಿಲ್ಲುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ನಾವು ಇಷ್ಟು ದಿನ ಕೆರೆ ಎಂದುಕೊಂಡದ್ದು ಈಗ ಹೊಳೆಯ ಭಾಗ. ಜಲಾಶಯಕ್ಕೆ ಬಿಟ್ಟ ಮರಿ ಕೃಷ್ಣಾ ಕೊಳ್ಳಕ್ಕೇ ಬಿಟ್ಟಂತೆ. ಬರ ಬಂದು ಅಳಿಸಿಹಾಕುತ್ತಿದ್ದ ತಪ್ಪನ್ನು ಇನ್ನು ಮುಂದೆ ಯಾರೂ ಅಳಿಸುವುದಿಲ್ಲ. ನೀರು ನಿಲ್ಲಲಿ ಎಂದು ಮೂರು ತಲೆಮಾರು ಹೋರಾಡಿದ ಸೀಮೆಗೆ ನೀರಿನ ಜೊತೆ ಬಂದ ಹೊಸ ಹೊಣೆ ಇದು.

ಹಾಗೆಂದು ಮರಿ ಬಿತ್ತನೆ ನಿಲ್ಲಿಸಿ ಎಂದು ಹೇಳುತ್ತಿಲ್ಲ. ಸಣ್ಣ ಕೆರೆ, ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು ಮುಂದುವರಿಯಲಿ. ಅದರ ಮೇಲೆ ಸಂಸಾರಗಳು ನಿಂತಿವೆ. ಜಲಾಶಯಗಳ ವಿಷಯದಲ್ಲಿ ಮಾತ್ರ ಜಾತಿಯನ್ನು ಆರಿಸಿ ಬಿಡಬೇಕು. ನಿಂತ ನೀರಿನಲ್ಲೇ ಮರಿ ಮಾಡಿ, ಕೆಸರು ಬಗೆದು, ಎಲ್ಲೆಡೆ ಹಬ್ಬುವ ಸಾಮಾನ್ಯ ಗೆಂಡೆಯನ್ನು ಹೊಳೆಗೆ ಬಾಯ್ದೆರೆದ ನೀರಿಗೆ ಬಿಡಬಾರದು. ತಿಲಾಪಿಯಾದ ಪಾಠವೂ ಅದೇ. 1952ರಲ್ಲಿ ದೇಶಕ್ಕೆ ತಂದ ಆಫ್ರಿಕಾದ ಆ ಮೀನು ಇಲ್ಲದ ಕೆರೆ ಇಂದು ಹುಡುಕಿದರೂ ಸಿಗುವುದು ಕಷ್ಟ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಕೇಂದ್ರ ಸರ್ಕಾರವೇ ನಿಷೇಧಿಸಿದ ಮೀನು.

ಕೃಷ್ಣಾ ಕೊಳ್ಳಕ್ಕೆ ಅದರದೇ ಗೆಂಡೆಗಳಿವೆ. ಲೇಬಿಯೊ ಫಿಂಬ್ರಿಯೇಟಸ್, ಹಿಪ್ಸೆಲೊಬಾರ್ಬಸ್ ಪುಲ್ಚೆಲಸ್ ಎಂಬ ಶಾಸ್ತ್ರೀಯ ಹೆಸರಿನ ಎರಡು ನಾಡ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ಕೆಲಸವನ್ನು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಾಡಿದೆ. ಕಾಟ್ಲಾದಷ್ಟು ಬೇಗ ಅವು ಬೆಳೆಯುವುದಿಲ್ಲ, ಮಾರುಕಟ್ಟೆಯಲ್ಲಿ ಕಾಟ್ಲಾದಷ್ಟು ಕೇಳುವವರೂ ಇಲ್ಲ. ಆದರೆ ಕೋಡಿಯಲ್ಲಿ ತಪ್ಪಿಸಿಕೊಂಡು ಹೋದರೂ ಅವು ತಮ್ಮ ಮನೆಗೇ ಹೋಗುತ್ತವೆ. ಜಲಾಶಯಕ್ಕೆ ಬಿಡುವ ಮರಿಗಳಲ್ಲಿ ಒಂದು ಪಾಲಾದರೂ ಇವು ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಗಾಳದ ಪ್ರವಾಸೋದ್ಯಮದ ಮಾತು ಇಲ್ಲೂ ಇಂದಲ್ಲ ನಾಳೆ ಬರುತ್ತದೆ. ತುಂಬಿದ ಮಾರಿಕಣಿವೆ ನೋಡಲು ಈಗಾಗಲೇ ಜನ ಮುಗಿಬೀಳುತ್ತಿದ್ದಾರೆ. ಹೆದ್ದಾರಿಯೂ ತೀರ ದೂರವಿಲ್ಲ. ದೊಡ್ಡ ಮೀನು ಬಿಟ್ಟು ಗಾಳ ಹಾಕಿಸೋಣ ಎಂದು ಯಾರಿಗಾದರೂ ಹೊಳೆದರೆ ಆಶ್ಚರ್ಯವಿಲ್ಲ. ನೀಲಿ ರೆಕ್ಕೆಯ ಮಹಶೀರ್ ಕೃಷ್ಣಾ ಕೊಳ್ಳದ್ದೇ, ಕಾವೇರಿಯಲ್ಲಿ ಪರಕೀಯವಾದದ್ದು ಇಲ್ಲಿ ಸ್ವಂತದ್ದು ಎಂಬ ವಾದವನ್ನೂ ಹೂಡಬಹುದು. ಅರ್ಧ ನಿಜ. ಲೋಣಾವಳದ ತಾಯಿಮೀನಿನ ಮರಿಗೂ ಭದ್ರೆಯ ತಾಯಿಮೀನಿನ ಮರಿಗೂ ವ್ಯತ್ಯಾಸ ಇರಬಹುದು. ನೋಡದೆ ಬಿಟ್ಟರೆ ಕಾವೇರಿಯ ತಪ್ಪೇ ಸಣ್ಣ ಅಳತೆಯಲ್ಲಿ ಮರುಕಳಿಸುತ್ತದೆ. ಮೇಲಾಗಿ ಬಂಡೆಗಳ ನಡುವೆ ತಂಪಾಗಿ ಹರಿಯುವ ನೀರಿನ ಮೀನನ್ನು ಬೇಸಿಗೆಯಲ್ಲಿ ಕಾಯ್ದು ನಿಲ್ಲುವ ನಮ್ಮ ಬಯಲಿನ ನೀರಿಗೆ ತಂದರೆ ಅದು ಮರಿ ಮಾಡುವುದು ಅನುಮಾನ. ಆಗ ಪ್ರತಿ ವರ್ಷ ಚೀಲ ಬಿಚ್ಚುವುದೇ ಕೆಲಸವಾಗುತ್ತದೆ.

ಇವಕ್ಕೆಲ್ಲ ದೊಡ್ಡ ಸಂಶೋಧನಾ ಕೇಂದ್ರ ಬೇಕೆಂದೇನಿಲ್ಲ. ಕಾವೇರಿಯ ಕಥೆಯಲ್ಲಿ ಸತ್ಯ ಹೊರಬಿದ್ದದ್ದು ಪ್ರಯೋಗಾಲಯದಿಂದಲ್ಲ, ಶಿಬಿರದವರು ಹದಿನಾಲ್ಕು ವರ್ಷ ಬಿಡದೆ ಬರೆದಿಟ್ಟ ಪುಸ್ತಕದಿಂದ. ನಮ್ಮ ಮೀನುಗಾರರ ಸಂಘಗಳು ಹೇಗೂ ದಿನವೂ ಹಿಡಿದ ಮೀನನ್ನು ಕಿಲೋ ಲೆಕ್ಕದಲ್ಲಿ ಬರೆಯುತ್ತವೆ, ದುಡ್ಡು ಹಂಚಬೇಕಲ್ಲ. ಆ ಪುಸ್ತಕದಲ್ಲಿ ಜಾತಿಗೊಂದು ಕಾಲಂ ಎಳೆದರೆ ಸಾಕು: ಕಾಟ್ಲಾ ಎಷ್ಟು, ಗೆಂಡೆ ಎಷ್ಟು, ತಿಲಾಪಿಯಾ ಎಷ್ಟು, ಬಿಡದೇ ಸಿಕ್ಕ ಊರ ಮೀನು ಎಷ್ಟು, ಅದರಲ್ಲಿ ಎಳೆಯದಿತ್ತೇ. ಇಲಾಖೆಯವರು ಬಿಟ್ಟ ಮರಿಯ ಜಾತಿ, ಅಳತೆ, ತಾಯಿಮೀನಿನ ಊರು ಇವನ್ನು ಅದರ ಪಕ್ಕದ ಪುಟದಲ್ಲಿ ಬರೆಯಲಿ. ಗಾಯತ್ರಿ ಜಲಾಶಯದಲ್ಲಿ ಈ ವರ್ಷವೇ ಶುರು ಮಾಡಬಹುದು. ಖರ್ಚು ಒಂದು ನೋಟ್‌ಬುಕ್ಕಿನದು. ಐದಾರು ವರ್ಷ ಕಳೆದ ಮೇಲೆ ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ಮುಂದೆ ಯಾವ ಮರಿ ತರಬೇಕು, ಯಾವುದನ್ನು ತರಲೇಬಾರದು ಎಂದು ಸಂಘದವರೇ ಗ್ರಾಮಸಭೆಯಲ್ಲಿ ಎದ್ದು ಹೇಳಬಲ್ಲರು.